ನೀರಿಗೆ ಹೆದರುವವರ ಚರಿತ್ರೆ

ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿಯಲ್ಲಿ ಸ್ಕೂಬಾ ಮಾಡೋಣ ಅನ್ನೋ ಮಾತು ಮಳೆಗಾಲ ಮುಗಿಯುತ್ತಿದ್ದಂತೆ ಬೆಂಗಳೂರಿನ ಆಫೀಸುಗಳಲ್ಲಿ ಶುರುವಾಗುತ್ತೆ. ವಾಟ್ಸಾಪ್ ಗ್ರೂಪ್ ಆಗುತ್ತೆ. ಹತ್ತು ಜನ "ನಾನೂ ಇದೀನಿ" ಅಂತಾರೆ. ದುಡ್ಡು ಕಟ್ಟೋ ದಿನ ಬಂದಾಗ ಐದು ಜನರ ಮನೆಯಲ್ಲಿ ಏನೋ ಒಂದು ಫಂಕ್ಷನ್ ಇರುತ್ತೆ. ಈ ಬರಹ ಆ ಐದು ಜನರಿಗೆ. ಅವರ ಮನೆಯಲ್ಲಿ ಯಾವ ಫಂಕ್ಷನ್ನೂ ಇರೋದಿಲ್ಲ, ಹೆದರಿಕೆ ಇರುತ್ತೆ. ಅದನ್ನು ಹೇಳಿಕೊಂಡರೆ ಮರ್ಯಾದೆ ಹೋಗುತ್ತೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ನೀರಿನ ಚರಿತ್ರೆಯನ್ನು ಸ್ವಲ್ಪ ಓದಿದ ಮೇಲೆ ನನಗೆ ಹಾಗೆ ಅನ್ನಿಸುತ್ತಿಲ್ಲ.

ನಮ್ಮೂರು ಸತ್ತೇಗಾಲ. ಮಳವಳ್ಳಿ ದಾಟಿ ಕೊಳ್ಳೇಗಾಲಕ್ಕೆ ಹೋಗುವವರಿಗೆ ಸತ್ತೇಗಾಲ ಹ್ಯಾಂಡ್‌ಪೋಸ್ಟ್ ಗೊತ್ತಿರುತ್ತೆ. ಭರಚುಕ್ಕಿ, ಗಗನಚುಕ್ಕಿ ನೋಡೋಕೆ ಬಂದವರಿಗಂತೂ ಗೊತ್ತೇ ಇರುತ್ತೆ. "ಕಾವೇರಿ ದಡದವನು, ನಿನಗೇನಪ್ಪ, ಮೀನಿನ ಥರ ಈಜ್ತೀಯ" ಅಂತ ಸಹೋದ್ಯೋಗಿಗಳು ಅಂದುಕೊಂಡಿರುತ್ತಾರೆ. ನಿಜ ಏನಂದರೆ ಹೊಳೆ ಪಕ್ಕದ ಊರಿನವರಷ್ಟು ನೀರಿಗೆ ಹೆದರುವವರು ಇನ್ಯಾರೂ ಇಲ್ಲ. "ನೀರ್ತಾವ್ಕೆ ಹೋಗ್ಬ್ಯಾಡ ಕನ ಮಗ, ತಾಯಿ ಕರ್ಕೊಂಡ್ಬುಡ್ತಾಳೆ" ಅನ್ನೋ ಮಾತು ಕೇಳಿಕೊಂಡೇ ನಮ್ಮ ಕಡೆಯ ಮಕ್ಕಳು ಬೆಳೆಯೋದು. ತಾಯಿ ಅಂದರೆ ಕಾವೇರಿ. ಪೂಜೆ ಮಾಡೋದೂ ಅವಳಿಗೇ, ಹೆದರೋದೂ ಅವಳಿಗೇ.

ಇದನ್ನು ಮೂಢನಂಬಿಕೆ ಅಂತ ತಳ್ಳಿಹಾಕುವಂತಿಲ್ಲ. ಇಲ್ಲಿ ಹೊಳೆ ಬಂಡೆಗಳ ನಡುವೆ ಸೀಳಿಕೊಂಡು ಹೋಗುತ್ತೆ. ಮೇಲೆ ಮೊಣಕಾಲುದ್ದ ನೀರು, ಎರಡು ಹೆಜ್ಜೆ ಆಚೆ ತಳ ಸಿಗದ ಮಡು. ಬಂಡೆ ಮೇಲೆ ಪಾಚಿ, ಬಂಡೆ ಸಂದಿಯಲ್ಲಿ ಸುಳಿ. ಕಬಿನಿಯಲ್ಲೋ ಕೆಆರ್‌ಎಸ್‌ನಲ್ಲೋ ಗೇಟು ತೆಗೆದರೆ ಇಲ್ಲಿ ಮೋಡವೇ ಇಲ್ಲದ ದಿನವೂ ನೀರು ಏರುತ್ತೆ. "ಈಜು ಬರೋರೇ ಹೋಗೋದು" ಅಂತ ಹಿರಿಯರು ಹೇಳೋದು ಇದನ್ನೆಲ್ಲ ನೋಡಿಯೇ. ಅವರ ಹೆದರಿಕೆಯೊಳಗೆ ಎಲ್ಲಿ ಮಡು ಇದೆ, ಯಾವ ತಿಂಗಳು ಸುಳಿ ಜೋರು, ಯಾವ ಬಂಡೆ ಜಾರುತ್ತೆ ಅನ್ನೋ ನಕ್ಷೆಯೇ ಇದೆ.

ಸತ್ತೇಗಾಲದಿಂದ ಕೆಳಕ್ಕೆ ಹೊಳೆಯ ದಾರಿಯಲ್ಲೇ ಹೋದರೆ ಮುತ್ತತ್ತಿ ಸಿಗುತ್ತೆ. ಸೀತೆಯ ಮೂಗುತಿಯ ಮುತ್ತು ಅಲ್ಲಿ ನೀರಿಗೆ ಬಿತ್ತಂತೆ, ಆಂಜನೇಯ ಅದನ್ನು ಎತ್ತಿಕೊಟ್ಟನಂತೆ, ಅದಕ್ಕೇ ಅವನು ಮುತ್ತೆತ್ತರಾಯ. ಹೇಗೆ ಎತ್ತಿದ? ಬಾಲ ಬಿಟ್ಟು, ಮಡುವನ್ನೆಲ್ಲ ತಡಕಾಡಿ. ಸಮುದ್ರವನ್ನೇ ಹಾರಿದವನು ಕಾವೇರಿಯ ಮಡುವಿಗೆ ಧುಮುಕಲಿಲ್ಲ, ಬಾಲ ಇಳಿಬಿಟ್ಟ! ಕತೆ ಕಟ್ಟಿದವರಿಗೆ ಆ ಜಾಗದ ನೀರು ಚೆನ್ನಾಗಿ ಗೊತ್ತಿತ್ತು ಅಂತ ನನಗೆ ಅನ್ನಿಸುತ್ತೆ. ಪ್ರವಾಸಿಗರು ಮುಳುಗುವ ಸುದ್ದಿ ಬರುವ ಜಾಗಗಳಲ್ಲಿ ಮುತ್ತತ್ತಿ ಇವತ್ತಿಗೂ ಒಂದು.

ಆದರೆ ಎಲ್ಲ ಹೆದರಿಕೆಯೂ ಇಂಥ ನಕ್ಷೆ ಆಗಿರೋದಿಲ್ಲ. ಅದಕ್ಕೂ ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ. ಶಿವನಸಮುದ್ರದ ನಡುಗಡ್ಡೆ ಒಂದು ಕಾಲಕ್ಕೆ ಉಮ್ಮತ್ತೂರಿನ ಅರಸರ ಕೋಟೆ. ಹದಿನಾರನೇ ಶತಮಾನದ ಶುರುವಿನಲ್ಲಿ ಕೃಷ್ಣದೇವರಾಯ ಗಂಗರಾಜನ ಮೇಲೆ ದಂಡೆತ್ತಿ ಬಂದು ಇದನ್ನು ಗೆದ್ದ. ಆಮೇಲಿನದ್ದು ಸ್ಥಳಪುರಾಣ: ನಂದಿರಾಜ ಕುದುರೆಯ ಕಣ್ಣಿಗೆ ಬಟ್ಟೆ ಕಟ್ಟಿ, ಹೆಂಡತಿಯ ಜೊತೆ ಗಗನಚುಕ್ಕಿಗೆ ಹಾರಿದನಂತೆ. ಊರು ಹಾಳುಬಿತ್ತು, ಕಾಡು ಬೆಳೆಯಿತು, ಹಳೇ ಸೇತುವೆ ಮುರಿಯಿತು. ಹಾಳೂರು ಅಂದಮೇಲೆ ದೆವ್ವದ ಕತೆಗಳಿಗೇನು ಬರ!

ಹತ್ತೊಂಬತ್ತನೇ ಶತಮಾನದ ಮೊದಲ ದಶಕಗಳಲ್ಲಿ ಮೈಸೂರು ರೆಸಿಡೆನ್ಸಿಯಲ್ಲಿ ಕೆಲಸಕ್ಕಿದ್ದ ರಾಮಸ್ವಾಮಿ ಮೊದಲಿಯಾರ್ ಅಲ್ಲಿಗೆ ಬಂದರು. ಕಾಡು ಕಡಿಸಿದರು, ದೇವಸ್ಥಾನ ಸರಿಮಾಡಿಸಿದರು, ಹೊಳೆಯ ಕವಲುಗಳಿಗೆ ಕಲ್ಲುಕಂಬದ ಸೇತುವೆ ಕಟ್ಟಿಸಿದರು. ಸರ್ಕಾರ ಅವರಿಗೆ "ಜನೋಪಕಾರ ಕಾಮಕರ್ತ" ಅಂತ ಬಿರುದು ಕೊಟ್ಟಿತು, ಜಹಗೀರು ಕೊಟ್ಟಿತು. ಸೇತುವೆಗಳಿಗೆ ಮಾತ್ರ ವೆಲ್ಲೆಸ್ಲಿ, ಲಷಿಂಗ್ಟನ್ ಅಂತ ದೊರೆಗಳ ಹೆಸರು. ನಮ್ಮವರ ಬಾಯಲ್ಲಿ ವೆಲ್ಲೆಸ್ಲಿ ಹೋಗಿ ವೆಸ್ಲಿ ಆಯಿತು.

ಆ ಸೇತುವೆ ಕಟ್ಟಿದವರು ದೆವ್ವದ ಹೆದರಿಕೆಯನ್ನು ಪಕ್ಕಕ್ಕಿಟ್ಟರು, ನೀರಿನ ಹೆದರಿಕೆಯನ್ನು ಇಟ್ಟುಕೊಂಡರು. ಒಂದೊಂದೇ ಕಂಬವನ್ನು ಬಂಡೆಯ ಮೇಲೆ ನಿಲ್ಲಿಸಿದ ರೀತಿ ನೋಡಿದರೆ ಅದು ಗೊತ್ತಾಗುತ್ತೆ. ಅಷ್ಟಾದರೂ 2018ರ ಪ್ರವಾಹದಲ್ಲಿ ವೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು. ಇನ್ನೂರು ವರ್ಷ ತಡೆದುಕೊಂಡ ಕಲ್ಲನ್ನೇ ಹೊಳೆ ಬಿಡಲಿಲ್ಲ. ಅಂಥ ಹೊಳೆಗೆ ಹೆದರುವವನನ್ನು ಪುಕ್ಕಲ ಅನ್ನೋದು ನ್ಯಾಯವಲ್ಲ.

ಸೇತುವೆಯ ಮಾತು ಬಂದಿದ್ದು ಒಳ್ಳೆಯದೇ ಆಯಿತು. ಯಾಕಂದರೆ ಸ್ಕೂಬಾದ ಚರಿತ್ರೆಯ ಒಂದು ದೊಡ್ಡ ಅಧ್ಯಾಯ ಶುರುವಾಗೋದು ಸೇತುವೆಯ ಬುಡದಲ್ಲಿ.

ಇಲ್ಲಿ ಬಂಡೆ ಕೈಗೆ ಸಿಗುತ್ತಿತ್ತು, ಕಂಬ ನಿಂತಿತು. ಅಮೆರಿಕದ ಮಿಸಿಸಿಪ್ಪಿ ನದಿಯಲ್ಲಿ ಬಂಡೆ ಇದ್ದಿದ್ದು ಮರಳಿನ ಕೆಳಗೆ, ಬಹಳ ಆಳದಲ್ಲಿ. ಅದಕ್ಕೆ ಸೇಂಟ್ ಲೂಯಿಸ್‌ನಲ್ಲಿ ಎಂಜಿನಿಯರ್ ಜೇಮ್ಸ್ ಈಡ್ಸ್ ಕೈಸನ್ ಬಳಸಿದ. ನೀರಿನಲ್ಲಿ ಲೋಟ ಬೋರಲು ಹಾಕಿ ಒತ್ತಿದರೆ ಒಳಗೆ ಗಾಳಿ ಉಳಿಯುತ್ತಲ್ಲ, ಹಾಗೆ. ದೊಡ್ಡ ಪೆಟ್ಟಿಗೆಯನ್ನು ಬೋರಲು ಇಳಿಸಿ, ಪಂಪಿನಿಂದ ಗಾಳಿ ಒತ್ತಿ ನೀರನ್ನು ಹೊರಗಿಟ್ಟು, ಒಳಗೆ ಕೂಲಿಯವರು ನೆಲ ಅಗೆಯುತ್ತಾ ಹೋಗೋದು. 1870ರಲ್ಲಿ ಆ ಕೂಲಿಯವರು ಸಾಯೋಕೆ ಶುರುವಾದರು. ಒಳಗಿದ್ದಾಗ ಆರಾಮಾಗಿ ಇರುತ್ತಿದ್ದರು, ಮೇಲೆ ಬಂದ ಮೇಲೆ ಕೀಲು ಹಿಡಿದುಕೊಂಡು, ಬಗ್ಗಿ, ಬಿದ್ದುಬಿಡುತ್ತಿದ್ದರು. ಹೀಗೆ ಸತ್ತವರು ಹನ್ನೆರಡಕ್ಕೂ ಹೆಚ್ಚು. ಅವರನ್ನು ನೋಡಿಕೊಳ್ಳುತ್ತಿದ್ದ ಡಾಕ್ಟರೂ ಕೆಳಗೆ ಹೋಗಿ ಬಂದು ಅದೇ ಕಾಯಿಲೆಗೆ ಬಿದ್ದ. ಬಗ್ಗಿ ನಡೆಯುವವರನ್ನು ನೋಡಿ ಜನ ಅದಕ್ಕೆ "ಬೆಂಡ್ಸ್" ಅಂತ ಹೆಸರಿಟ್ಟರು.

ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯಲ್ಲೂ ಅದೇ ಕತೆ. ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ಕಾಯಿಲೆ ಬಿದ್ದವನು ಸೇತುವೆಯ ಕೆಲಸವನ್ನು ಮನೆಯಿಂದಲೇ ನಡೆಸಬೇಕಾಯಿತು. ಅವನ ಹೆಂಡತಿ ಎಮಿಲಿ ಲೆಕ್ಕ ಕಲಿತು, ಸೂಚನೆಗಳನ್ನು ಕೆಲಸದ ಜಾಗಕ್ಕೆ ತಲುಪಿಸಿ, 1883ರಲ್ಲಿ ಸೇತುವೆ ಮುಗಿಯುವ ತನಕ ನಿಂತಳು.

ಇದು ದೆವ್ವದ ಕಾಟ ಅಂತ ಯಾರಾದರೂ ಅಂದಿದ್ದರೆ ನಂಬುವಂತೆಯೇ ಇತ್ತು. ಕಣ್ಣಿಗೆ ಕಾಣುವ ಕಾರಣ ಏನೂ ಇರಲಿಲ್ಲ. ಕಾರಣ ವಿವರಿಸಿದವನು ಫ್ರಾನ್ಸಿನ ಪೌಲ್ ಬರ್ಟ್, 1878ರಲ್ಲಿ. ಒತ್ತಡದಲ್ಲಿ ಉಸಿರಾಡುವಾಗ ಗಾಳಿಯಲ್ಲಿರುವ ನೈಟ್ರೋಜನ್ ರಕ್ತದಲ್ಲಿ ಕರಗುತ್ತೆ. ಒತ್ತಡ ತಟ್ಟನೆ ಇಳಿದರೆ, ಗೋಲಿ ಸೋಡಾದ ಗೋಲಿ ಒತ್ತಿದ ಹಾಗೆ, ಗುಳ್ಳೆ ಏಳುತ್ತೆ. ಪರಿಹಾರ ಸುಲಭ: ನಿಧಾನಕ್ಕೆ ಮೇಲೆ ಬಾ. ಆದರೆ ಎಷ್ಟು ನಿಧಾನ?

ಅದರ ಲೆಕ್ಕ ಹಾಕಿದ್ದು ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್, ಅದೂ ಆಡುಗಳನ್ನು ಇಟ್ಟುಕೊಂಡು. ಉಕ್ಕಿನ ಕೋಣೆಯಲ್ಲಿ ಆಡು ಕೂಡಿಹಾಕಿ ಗಾಳಿ ಒತ್ತಿ, ಬೇರೆ ಬೇರೆ ವೇಗದಲ್ಲಿ ಒತ್ತಡ ಇಳಿಸಿ ನೋಡಿದರು. ಆಡು ಮುಂಗಾಲು ಎತ್ತಿಕೊಂಡು ನಿಂತರೆ ಕೀಲು ನೋವು ಬಂದಿದೆ ಅಂತ ಲೆಕ್ಕ. 1906ರಲ್ಲಿ ಸ್ಕಾಟ್ಲೆಂಡಿನ ನೀರಿನಲ್ಲಿ ನೌಕಾಪಡೆಯ ಮುಳುಗುಗಾರರು 210 ಅಡಿ ಇಳಿದು ಅದನ್ನು ಪರೀಕ್ಷೆ ಮಾಡಿದರು. ಎಷ್ಟು ಆಳ, ಎಷ್ಟು ಹೊತ್ತು, ಮೇಲೆ ಬರುವಾಗ ಎಲ್ಲಿ ಎಷ್ಟು ನಿಮಿಷ ನಿಲ್ಲಬೇಕು ಅನ್ನೋ ಕೋಷ್ಟಕ 1908ರಲ್ಲಿ ಅಚ್ಚಾಯಿತು. ಇವತ್ತು ಡೈವರುಗಳ ಕೈಯಲ್ಲಿರುವ ಡೈವ್ ಕಂಪ್ಯೂಟರು ಆ ಕೋಷ್ಟಕದ ಮೊಮ್ಮಗ.

ಆ ಸ್ಕಾಟ್ಲೆಂಡ್ ಪ್ರಯೋಗಕ್ಕೆ ಹಾಲ್ಡೇನ್ ತನ್ನ 13 ವರ್ಷದ ಮಗನನ್ನೂ ಕರೆದುಕೊಂಡು ಹೋಗಿದ್ದ. ಮುಳುಗುವ ಸೂಟು ಹುಡುಗನಿಗೆ ದೊಡ್ಡದು, ಒಳಗೆ ನೀರು ಸೋರುತ್ತಿತ್ತು, ಆದರೂ ಇಳಿಸಿದರು. ಆ ಹುಡುಗನೇ ಮುಂದೆ ಹೆಸರಾಂತ ವಿಜ್ಞಾನಿಯಾದ ಜೆ.ಬಿ.ಎಸ್. ಹಾಲ್ಡೇನ್. 1939ರಲ್ಲಿ ಥೀಟಿಸ್ ಅನ್ನೋ ಸಬ್‌ಮರೀನ್ ಮುಳುಗಿ 99 ಜನ ಸತ್ತಾಗ, ಒತ್ತಡದ ಕೋಣೆಯೊಳಗೆ ತಾನೇ ಕೂತು ಪ್ರಯೋಗ ಮಾಡಿದವನು ಇವನು. ಬೆನ್ನುಮೂಳೆಗೆ ಪೆಟ್ಟಾಯಿತು, ಕಿವಿಯ ತಮಟೆ ತೂತಾಯಿತು. ಕಿವಿಯಿಂದ ತಂಬಾಕಿನ ಹೊಗೆ ಬಿಡಬಹುದು ಅಂತ ಅದರ ಮೇಲೂ ಜೋಕು ಮಾಡಿದ. 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿಯ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ. ಕಿವಿಯ ಒತ್ತಡ, ನೈಟ್ರೋಜನ್ ಅಂತ ಸ್ಕೂಬಾ ಇನ್‌ಸ್ಟ್ರಕ್ಟರ್ ಪಾಠ ಶುರುಮಾಡಿದಾಗ ಅದರ ಹಿಂದೆ ಇಷ್ಟೆಲ್ಲ ಜನರ ಮೈಕೈ ನೋವು ಇದೆ.

ಇಷ್ಟು ಹೊತ್ತು ಹೇಳಿದ್ದು ಮೇಲಿನಿಂದ ಪಂಪಿನಲ್ಲಿ ಗಾಳಿ ಕಳಿಸುತ್ತಿದ್ದ ಕಾಲ. ಗಾಳಿಯನ್ನು ಬೆನ್ನಿಗೆ ಕಟ್ಟಿಕೊಂಡು ಹೋಗೋ ಕಾಲ ಬಂದಿದ್ದು 1943ರಲ್ಲಿ. ಜರ್ಮನರು ಹಿಡಿದಿದ್ದ ಫ್ರಾನ್ಸಿನಲ್ಲಿ ಪೆಟ್ರೋಲ್ ಇಲ್ಲ. ಕಾರನ್ನು ಗ್ಯಾಸಿನಲ್ಲಿ ಓಡಿಸೋಕೆ ಎಮಿಲ್ ಗಾನ್ಯಾನ್ ಅನ್ನೋ ಎಂಜಿನಿಯರ್ ಒಂದು ವಾಲ್ವ್ ಮಾಡಿದ್ದ. ನೌಕಾಪಡೆಯ ಜಾಕ್ ಕುಸ್ತೋ ಬಂದು, ಇದನ್ನೇ ಮನುಷ್ಯನ ಬಾಯಿಗೆ ಹೊಂದಿಸೋಣ ಅಂದ. ಉಸಿರು ಎಳೆದಾಗ ಮಾತ್ರ, ಆ ಆಳಕ್ಕೆ ಎಷ್ಟು ಬೇಕೋ ಅಷ್ಟೇ ಒತ್ತಡದ ಗಾಳಿ ಬರಬೇಕು. ಪ್ಯಾರಿಸ್ ಹತ್ತಿರದ ಮಾರ್ನ್ ನದಿಯಲ್ಲಿ ಚಳಿಗಾಲದಲ್ಲಿ ಮಾಡಿದ ಮೊದಲ ಪರೀಕ್ಷೆ ಕೆಟ್ಟಿತು: ನೆಟ್ಟಗೆ ನಿಂತರೆ ಗಾಳಿ ಸುಮ್ಮನೆ ಸೋರಿಹೋಗುತ್ತಿತ್ತು, ತಲೆಕೆಳಗಾದರೆ ಉಸಿರೇ ಬರುತ್ತಿರಲಿಲ್ಲ. ಕೊಳವೆಯ ಜಾಗ ಬದಲಾಯಿಸಿದ ಮೇಲೆ ಸರಿಯಾಯಿತು. 1956ರಲ್ಲಿ ಕುಸ್ತೋನ "ದ ಸೈಲೆಂಟ್ ವರ್ಲ್ಡ್" ಸಿನಿಮಾ ಕಾನ್ ಉತ್ಸವದಲ್ಲಿ ದೊಡ್ಡ ಪ್ರಶಸ್ತಿ ಗೆದ್ದಿತು, ಎಲ್ಲರಿಗೂ ಸಮುದ್ರದ ತಳ ನೋಡೋ ಆಸೆ ಹತ್ತಿತು.

ಆಸೆ ಹತ್ತಿದ ಮೇಲೆ ಕಲಿಸೋರು ಬೇಕಲ್ಲ. ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯಲ್ಲಿ 1950ರ ದಶಕದ ಶುರುವಿನಲ್ಲಿ ಕಾನ್ರಾಡ್ ಲಿಂಬಾ ಅನ್ನೋ ವಿಜ್ಞಾನಿ ಕ್ರಮವಾಗಿ ಕಲಿಸೋಕೆ ಶುರುಮಾಡಿದ. 1960ರಲ್ಲಿ ಫ್ರಾನ್ಸಿನ ಒಂದು ನೀರೊಳಗಿನ ಗುಹೆಯಲ್ಲಿ ದಾರಿ ತಪ್ಪಿ ಅವನೇ ಸತ್ತ. ಆ ಕಾಲಕ್ಕೆ ಅವನಷ್ಟು ಅನುಭವ ಇದ್ದವರು ಕಡಿಮೆ. ಗುಹೆಯೊಳಗೆ ಹೋಗುವವರು ಹೊರಗಿನ ತನಕ ಹಗ್ಗದ ದಾರಿ ಇಟ್ಟುಕೊಂಡೇ ಹೋಗಬೇಕು ಅನ್ನೋದು ಇವತ್ತು ಮುರಿಯಬಾರದ ನಿಯಮ. ಈ ಕಸುಬಿನಲ್ಲಿ ನಿಯಮಗಳು ಹುಟ್ಟಿದ್ದೇ ಇಂಥ ಸಾವುಗಳಿಂದ. ನಮ್ಮ ಹಿರಿಯರು "ಮಡು ಹತ್ತಿರ ಹೋಗಬೇಡ" ಅಂದಿದ್ದಕ್ಕೂ ಇದಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣೋದಿಲ್ಲ. ಅವರದು ಬಾಯಿಮಾತಿನಲ್ಲಿ ಉಳಿಯಿತು, ಇವರದು ಪುಸ್ತಕಕ್ಕೆ ಬಂತು.

ಈಗ ನೇತ್ರಾಣಿಗೆ ಬರೋಣ. ಕೊಳ್ಳೇಗಾಲ ಸೀಮೆಗೂ ಆ ದ್ವೀಪಕ್ಕೂ ಒಂದು ನಂಟಿದೆ. ನಮ್ಮ ತಾಲ್ಲೂಕಿನ ಸಿಂಗಾನಲ್ಲೂರಿನ ಪುಟ್ಟಸ್ವಾಮಯ್ಯನವರ ಮಗನಿಗೆ ಇಟ್ಟ ಹೆಸರು ಮುತ್ತುರಾಜ. ಅದು ಮುತ್ತತ್ತಿಯ ಮುತ್ತೆತ್ತರಾಯನ ಹೆಸರು. ಆ ಮುತ್ತುರಾಜನೇ ಡಾ. ರಾಜ್‌ಕುಮಾರ್. ಅವರ ಮಗ ಪುನೀತ್ ರಾಜ್‌ಕುಮಾರ್ ಅಮೋಘವರ್ಷ ಅವರ ಜೊತೆ "ಗಂಧದ ಗುಡಿ" ಚಿತ್ರಕ್ಕಾಗಿ ಕರ್ನಾಟಕ ಸುತ್ತಿದಾಗ ನೇತ್ರಾಣಿಯ ಕಡಲಿಗೂ ಇಳಿದರು. 2022ರ ಅಕ್ಟೋಬರಿನಲ್ಲಿ ಚಿತ್ರ ಬಂದಾಗ ಅಪ್ಪು ಹೋಗಿ ಒಂದು ವರ್ಷ ಆಗುತ್ತಿತ್ತು. ಬಾಲ ಬಿಟ್ಟು ಮುತ್ತೆತ್ತಿದವನ ಹೆಸರು ಹೊತ್ತವರ ಮಗ ನೀರಿನೊಳಗೆ ನಿಧಾನಕ್ಕೆ ಗುಳ್ಳೆ ಬಿಡುತ್ತಾ ಹೋಗೋದನ್ನು ಚಿತ್ರಮಂದಿರದಲ್ಲಿ ನೋಡಿದಾಗಲೇ ನನಗೆ ಈ ವಿಷಯ ತಲೆಗೆ ಹೊಕ್ಕಿದ್ದು.

ನನ್ನ ಹೆದರಿಕೆಯನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಒಂದು ಅಂದುಕೊಂಡಿದ್ದು ಬಿಡಿಸಿ ನೋಡಿದರೆ ನಾಲ್ಕು ಇತ್ತು.

ಮೊದಲನೆಯದು, ಉಸಿರು ಕಟ್ಟುತ್ತೆ ಅನ್ನೋದು. 12 ಲೀಟರಿನ ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ ಗಾಳಿ ತುಂಬಿದರೆ ಸುಮಾರು 2,400 ಲೀಟರ್ ಆಗುತ್ತೆ. ಎಷ್ಟು ಉಳಿದಿದೆ ಅಂತ ಮೀಟರು ತೋರಿಸುತ್ತೆ. ಹಾಗೆ ನೋಡಿದರೆ ಅಪಾಯ ಇರೋದು ಉಸಿರು ಬಿಗಿಹಿಡಿಯೋದರಲ್ಲಿ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುತ್ತಾ ಎರಡರಷ್ಟು ಹಿಗ್ಗುತ್ತೆ, ಉಸಿರು ಬಿಗಿಹಿಡಿದರೆ ಶ್ವಾಸಕೋಶ ಹರಿಯಬಹುದು. ಒಂದೆರಡು ಮೀಟರ್ ಆಳದಿಂದ ಬಂದರೂ ಆಗಬಹುದು. ಅದಕ್ಕೇ ಮೊದಲ ಪಾಠ: ಉಸಿರಾಡುತ್ತಲೇ ಇರು. ಹೊಳೆಯಲ್ಲಿ ಮುಳುಗುವಾಗ ನಾವು ಕಲಿತದ್ದು ಇದಕ್ಕೆ ತದ್ವಿರುದ್ಧ, ಆದ್ದರಿಂದ ಹೊಳೆಯವರು ಇದನ್ನು ಹೊಸದಾಗಿ ಕಲಿಯಬೇಕು.

ಎರಡನೆಯದು ಶಾರ್ಕ್. ಇದು "ಜಾಸ್" ಸಿನಿಮಾ 1975ರಲ್ಲಿ ಹುಟ್ಟುಹಾಕಿದ ದೆವ್ವ. ಡೈವರುಗಳನ್ನು ಹೆಚ್ಚಾಗಿ ಕಾಡೋದು ಶಾರ್ಕ್ ಅಲ್ಲ, ಕಿವಿ. ಅದಕ್ಕೆ ಮದ್ದು ಇಟಲಿಯ ವಾಲ್ಸಾಲ್ವಾ 1704ರಲ್ಲೇ ಬರೆದಿಟ್ಟದ್ದು: ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದೋದು. ನೋವು ಬರುವ ಮೊದಲೇ ಊದಬೇಕು. ನೋವು ಬಂದರೆ ಇಳಿಯೋದು ನಿಲ್ಲಿಸಿ ಸ್ವಲ್ಪ ಮೇಲೆ ಬರಬೇಕು. ನೆಗಡಿ ಇದ್ದ ದಿನ ಇಳಿಯಲೇಬಾರದು.

ಮೂರನೆಯದು, ಈಜು ಸರಿಯಾಗಿ ಬರೋದಿಲ್ಲ ಅನ್ನೋದು. ಒಂದು ಸಲ ರುಚಿ ನೋಡೋಕೆ ಇಳಿಯುವವರ ಜೊತೆ ಇನ್‌ಸ್ಟ್ರಕ್ಟರ್ ಇರುತ್ತಾರೆ. 1966ರಲ್ಲಿ ಶುರುವಾದ ಪ್ಯಾಡಿ ಸಂಸ್ಥೆಯ ನಿಯಮದಲ್ಲಿ ಇಂಥವರಿಗೆ 12 ಮೀಟರಿನ ಮಿತಿ ಇದೆ. ಸರ್ಟಿಫಿಕೇಟಿನ ಕೋರ್ಸ್ ಮಾಡಬೇಕಾದರೆ ಮಾತ್ರ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ಆದರೆ ಮುಖಕ್ಕೆ ನೀರು ತಾಗಿದರೇ ಗಾಬರಿಯಾಗುವವರು ಮೊದಲು ಈಜುಕೊಳದಲ್ಲಿ ಮಾಸ್ಕ್ ಹಾಕಿಕೊಂಡು ನಾಲ್ಕು ದಿನ ಕಳೆಯೋದು ವಾಸಿ. ಸನ್ನೆಗಳನ್ನೂ ಅಲ್ಲೇ ಕಲಿಯಬಹುದು. ಹೆಬ್ಬೆರಳು ಎತ್ತಿದರೆ ನೀರಿನೊಳಗೆ "ಸೂಪರ್" ಅಂತ ಅರ್ಥ ಅಲ್ಲ, "ಮೇಲೆ ಹೋಗೋಣ" ಅಂತ.

ನಾಲ್ಕನೆಯದು ಮೈ ಸರಿಯಿದೆಯಾ ಅನ್ನೋದು. ಇಳಿಯುವ ಮೊದಲು ಒಂದು ಫಾರಂ ಕೊಡುತ್ತಾರೆ: ಆಸ್ತಮಾ, ಹೃದಯ, ಮೂರ್ಛೆ, ಕಿವಿಯ ಆಪರೇಷನ್, ಬಸಿರು. ಟ್ರಿಪ್ ಕೈತಪ್ಪುತ್ತೆ ಅಂತ ಎಲ್ಲದಕ್ಕೂ "ಇಲ್ಲ" ಅಂತ ಟಿಕ್ ಹಾಕುವವರಿದ್ದಾರೆ. ಆ ಹಾಳೆಯ ಒಂದೊಂದು ಸಾಲೂ ಈಡ್ಸ್‌ನ ಕೂಲಿಯವರ ಕಾಲದಿಂದ ಕಲಿಯುತ್ತಾ ಬಂದ ಪಾಠ. ಅದಕ್ಕೆ ಸುಳ್ಳು ಹೇಳಬಾರದು. ಒಂದಕ್ಕೆ "ಹೌದು" ಬಂದರೂ ಡಾಕ್ಟರನ್ನು ಕೇಳಬೇಕು. ಹಾಗೆಯೇ ಡೈವ್ ಆದ ಮೇಲೆ ವಿಮಾನ ಹತ್ತೋಕೆ ಕಮ್ಮಿ ಅಂದರೂ 12 ಗಂಟೆ ಬಿಡಬೇಕು, ಹೆಚ್ಚು ಸಲ ಇಳಿದಿದ್ದರೆ 18. ಬೆಂಗಳೂರು ಇರೋದು ಸುಮಾರು 900 ಮೀಟರ್ ಎತ್ತರದಲ್ಲಿ; ಅದೇ ದಿನ ಕಾರಿನಲ್ಲಿ ಘಟ್ಟ ಹತ್ತೋದಾದರೆ ಎಷ್ಟು ಹೊತ್ತು ಕಾಯಬೇಕು ಅಂತ ಇನ್‌ಸ್ಟ್ರಕ್ಟರನ್ನು ಮೊದಲೇ ಕೇಳಿಕೊಳ್ಳಿ.

ಹೀಗೆ ಬಿಡಿಸಿದಾಗ ಒಂದು ಹೆದರಿಕೆ ದೆವ್ವವಾಗಿ ಹೋಯಿತು, ಎರಡಕ್ಕೆ ಅಭ್ಯಾಸ ಬೇಕು ಅಂತಾಯಿತು, ಒಂದಕ್ಕೆ ಡಾಕ್ಟರ್ ಬೇಕು ಅಂತಾಯಿತು. "ಧೈರ್ಯ ಇದೆಯಾ" ಅನ್ನೋ ಪ್ರಶ್ನೆಯನ್ನು ಯಾರೂ ಕೇಳಲೇ ಇಲ್ಲ. ನಮ್ಮ ಹೊಳೆಯ ನಕ್ಷೆ ಹೊಳೆಗೆ ಸರಿ. ಅದನ್ನೇ ಕಡಲಿಗೆ ಹಿಡಿದರೆ ದಾರಿ ಸಿಗೋದಿಲ್ಲ, ಕಡಲಿನ ನಕ್ಷೆಯನ್ನು ಅಲ್ಲಿ ಇಳಿದವರನ್ನು ಕೇಳಿಯೇ ಬರೆದುಕೊಳ್ಳಬೇಕು. ಹಾಗೆಯೇ ನೇತ್ರಾಣಿಯಲ್ಲಿ ಒಂದು ಸಲ ಇಳಿದು ಬಂದವರು ಅದೇ ಧೈರ್ಯದಲ್ಲಿ ಭರಚುಕ್ಕಿ ಕೆಳಗಿನ ನೀರಿಗೆ ಇಳಿಯಬಾರದು. ಅಲ್ಲಿ ಈಗಲೂ ನಮ್ಮ ಹಿರಿಯರ ಮಾತೇ ನಡೆಯೋದು.

ಇಷ್ಟೆಲ್ಲ ಆದ ಮೇಲೂ ಬೇಡ ಅನ್ನಿಸಿದರೆ? ಗುಹೆಗಳಿಗೆ ಇಳಿಯುವ ನುರಿತ ಡೈವರುಗಳ ನಡುವೆ ಒಂದು ನಿಯಮ ಇದೆ: ಯಾರು ಬೇಕಾದರೂ, ಯಾವಾಗ ಬೇಕಾದರೂ, ಯಾವ ಕಾರಣಕ್ಕಾದರೂ "ಸಾಕು, ವಾಪಸ್ ಹೋಗೋಣ" ಅನ್ನಬಹುದು. ಉಳಿದವರು ಯಾಕೆ ಅಂತ ಕೇಳುವಂತಿಲ್ಲ, ಆಮೇಲೆ ಆಡಿಕೊಳ್ಳುವಂತಿಲ್ಲ. ಪ್ರಪಂಚದಲ್ಲೇ ಅತಿ ಅಪಾಯದ ನೀರಿಗೆ ಇಳಿಯುವವರು ಪಾಲಿಸೋದು ಇದನ್ನು. ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪುಗಳು ಇಷ್ಟನ್ನಾದರೂ ಕಲಿತರೆ, ಇಲ್ಲದ ಫಂಕ್ಷನ್ ಹುಟ್ಟಿಸೋ ಕಷ್ಟ ಆ ಐದು ಜನಕ್ಕೆ ತಪ್ಪುತ್ತೆ. ನನ್ನ ಫಾರಂ ಈಗ ಡಾಕ್ಟರ್ ಮೇಜಿನ ಮೇಲಿದೆ. ಅವರು ಸಹಿ ಹಾಕಿದರೆ ಹೋಗುತ್ತೇನೆ. ಹಾಕದಿದ್ದರೆ ದೋಣಿಯಲ್ಲಿ ಕೂತು, ಮೇಲೆ ಬರೋ ಗುಳ್ಳೆ ಎಣಿಸಿಕೊಂಡು ಬರುತ್ತೇನೆ.